ರೋಮ್‌ನಲ್ಲಿ ಲೆದರ್ ಬ್ಯಾಗ್ ತಗೊಳ್ಳೋರು ಇದನ್ನ ಓದಿಕೊಂಡು ಹೋಗಿ

ರೋಮ್‌ಗೆ ಹೊರಟವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ. ಟ್ರೆವಿ ಕಾರಂಜಿಯ ಸುತ್ತಮುತ್ತ, ಸ್ಪ್ಯಾನಿಷ್ ಮೆಟ್ಟಿಲುಗಳಿಂದ ವಿಯಾ ದೆಲ್ ಕೋರ್ಸೋ ಕಡೆಗಿನ ಗಲ್ಲಿಗಳಲ್ಲಿ, ಟೆರ್ಮಿನಿ ಸ್ಟೇಷನ್ ಹತ್ತಿರ, ಬಾಗಿಲಲ್ಲೇ ಬಣ್ಣಬಣ್ಣದ ಬ್ಯಾಗು ನೇತುಹಾಕಿ "ವೇರಾ ಪೆಲ್ಲೆ (ಅಸಲಿ ಚರ್ಮ), ಮೇಡ್ ಇನ್ ಇಟಲಿ" ಅಂತ ಬೋರ್ಡ್ ಇಟ್ಟ ಅಂಗಡಿಗಳಿವೆ. ಎಲ್ಲರೂ ಕಳ್ಳರು ಅಂತ ಹೇಳ್ತಿಲ್ಲ. ಆದರೆ ಅಂಥ ಒಂದು ಅಂಗಡಿ ನಮ್ಮ ಅಕ್ಕ-ಭಾವನಿಗೆ ಒಂದೇ ವ್ಯಾಪಾರದಲ್ಲಿ ಮೂರು ಮೋಸ ಮಾಡಿತು. ಚರ್ಮ ಅಂದದ್ದು ಚರ್ಮವಲ್ಲ, ಕೊಟ್ಟ ಬಿಲ್ಲು ಕೊಟ್ಟ ದುಡ್ಡಿನದಲ್ಲ, ಟ್ಯಾಕ್ಸ್ ರೀಫಂಡ್ (ಹೊರಗಿನ ಪ್ರವಾಸಿಗರಿಗೆ ವಾಪಸ್ ಸಿಗುವ ತೆರಿಗೆ) ಅಂದದ್ದು ಬರೀ ಬಾಯಿಮಾತು. ಬರೆಯೋಕೂ ಸಿಟ್ಟು ಬರುತ್ತೆ.

ಬ್ಯಾಗು ಹೆಗಲಿಗೆ ಹಾಕುವಂಥದ್ದು, ಕಂದು ಬಣ್ಣ. ಚೀಟಿಯಲ್ಲಿ 180 ಯೂರೋ. ಚೌಕಾಸಿ ಶುರುವಾಗುವ ಮೊದಲೇ ಅಂಗಡಿಯವನು "ನಿಮಗೆ 140, ಆದರೆ ಕ್ಯಾಶ್" ಅಂದ. ಭಾವ ಕಾರ್ಡ್ ತೆಗೆದರೆ "ಮಷಿನ್ ಕೆಟ್ಟಿದೆ". ಇಲ್ಲೇ ನಿಲ್ಲಿ. ಇಟಲಿಯಲ್ಲಿ ಅಂಗಡಿಯವರು ಕಾರ್ಡ್ ಬೇಡ ಅನ್ನುವಂತಿಲ್ಲ. 2022ರ ಜೂನ್ 30ರಿಂದ ಹಾಗೆ ನಿರಾಕರಿಸಿದರೆ 30 ಯೂರೋ ದಂಡ, ಅದರ ಮೇಲೆ ವ್ಯಾಪಾರದ ಮೊತ್ತದ ಶೇ. 4. ಪ್ರವಾಸಿಗರ ಗಲ್ಲಿಯಲ್ಲಿ ಹಾಡುಹಗಲಲ್ಲಿ ಮಷಿನ್ ಕೆಟ್ಟಿದೆ ಅಂದರೆ ಬಹುಪಾಲು ಸಲ ಕೆಟ್ಟಿರುವುದು ಮಷಿನ್ ಅಲ್ಲ. ಕ್ಯಾಶ್ ತಗೊಂಡರೆ ಬಿಲ್ಲಿನಲ್ಲಿ ಎಷ್ಟು ಬೇಕಾದರೂ ಹೊಡೆಯಬಹುದು, ಅಷ್ಟೇ ವಿಷಯ.

ಹಾಗೇ ಹೊಡೆದ. 140 ಎಣಿಸಿಕೊಂಡು ಮಷಿನ್ನಿಂದ ಚೀಟಿ ಹರಿದು, ಎರಡಾಗಿ ಮಡಚಿ, ಬ್ಯಾಗಿನ ಒಳಜೇಬಿಗೆ ತಾನೇ ತುರುಕಿ ಜಿಪ್ ಎಳೆದ. "ಟ್ಯಾಕ್ಸ್ ಫ್ರೀ ಫಾರ್ಮ್?" ಅಂತ ಅಕ್ಕ ಕೇಳಿದ್ದಕ್ಕೆ "ಅದು ಏರ್‌ಪೋರ್ಟಲ್ಲಿ ಸಿಗುತ್ತೆ ಮೇಡಂ, ಈ ಬಿಲ್ ತೋರಿಸಿ ಸಾಕು" ಅಂದ. ಶುದ್ಧ ಸುಳ್ಳು. ಫಾರ್ಮ್ ಕೊಡಬೇಕಾದದ್ದು ಅಂಗಡಿ, ಕೊಳ್ಳುವ ಹೊತ್ತಿನಲ್ಲಿ, ನಿಮ್ಮ ಪಾಸ್‌ಪೋರ್ಟ್ ನಂಬರ್ ಹಾಕಿ. 2018ರಿಂದ ಇಟಲಿಯಲ್ಲಿ ಅದು ಕಂಪ್ಯೂಟರಿನಲ್ಲೇ ಆಗುತ್ತೆ, ಕಸ್ಟಮ್ಸಿನ ಒಟೆಲ್ಲೋ ಅನ್ನುವ ವ್ಯವಸ್ಥೆಗೆ ನೇರ ಹೋಗುತ್ತೆ. ಅಂಗಡಿಯವರು ಅಲ್ಲಿ ಏರಿಸದೇ ಇದ್ದರೆ ಏರ್‌ಪೋರ್ಟಿನಲ್ಲಿ ಯಾರೂ ಏನೂ ಮಾಡಲಾರರು.

ಫಿಯುಮಿಚೀನೋ ಏರ್‌ಪೋರ್ಟಿನ ರೀಫಂಡ್ ಕೌಂಟರಿನಲ್ಲಿ ಕ್ಯೂ ನಿಂತು ಅಕ್ಕನ ಸರದಿ ಬಂತು. ಕೌಂಟರಿನ ಹುಡುಗಿ ಚೀಟಿ ಬಿಡಿಸಿ, ಅಕ್ಕನ ಕಡೆ ತಿರುಗಿಸಿ, ಪೆನ್ನಿನ ತುದಿಯನ್ನು ಒಂದು ಸಾಲಿನ ಮೇಲೆ ಇಟ್ಟಳು. "ಬೋರ್ಸಾ, 60,00". ಬ್ಯಾಗು, ಅರವತ್ತು ಯೂರೋ. ನೂರನಲವತ್ತು ಕೊಟ್ಟದ್ದಕ್ಕೆ ಅರವತ್ತು! "ಫಾರ್ಮ್ ಇಲ್ಲ, ಮೊತ್ತವೂ ಸಾಲದು, ನೆಕ್ಸ್ಟ್" ಅಂದಳು, ಅವಳ ತಪ್ಪೇನೂ ಇಲ್ಲ. ಹಿಂದೆ ನಿಂತವರೆಲ್ಲ ನೋಡ್ತಿದ್ದಾರೆ, ಭಾವನ ಮುಖ ಕೆಂಪಾಗಿದೆ, ಪರ್ಸಿನಲ್ಲಿ ಬೇರೆ ಕಾಗದ ಇದೆಯೇನೋ ಅಂತ ಅಕ್ಕ ಹುಡುಕ್ತಾನೇ ಇದ್ದಾಳೆ. ಆ ಅರವತ್ತು ಯಾಕೆ ಗೊತ್ತಾ? ರೀಫಂಡ್ ಸಿಗೋದು ಒಂದೇ ಬಿಲ್ಲಿನ ಮೊತ್ತ ವ್ಯಾಟ್ ಸೇರಿ 70 ಯೂರೋ ದಾಟಿದರೆ ಮಾತ್ರ. ಮೊದಲು ಇದು 154.94 ಇತ್ತು, 2024ರ ಫೆಬ್ರವರಿಯಿಂದ 70ಕ್ಕೆ ಇಳಿಸಿದರು. ಎಪ್ಪತ್ತರ ಕೆಳಗೆ ಬಿಲ್ ಹೊಡೆದರೆ ಫಾರ್ಮ್ ಕೊಡುವ ರಗಳೆ ಇಲ್ಲ, ಉಳಿದ ಎಂಬತ್ತಕ್ಕೆ ಲೆಕ್ಕವೂ ಇಲ್ಲ.

ದುಡ್ಡಿನ ಲೆಕ್ಕ ಹೇಳ್ತೀನಿ. ಇಟಲಿಯಲ್ಲಿ ಬ್ಯಾಗಿನ ಮೇಲೆ ವ್ಯಾಟ್ ಶೇ. 22. 140ರ ಒಳಗೆ ಸುಮಾರು 25 ಯೂರೋ ವ್ಯಾಟ್ ಕೂತಿರುತ್ತೆ. ರೀಫಂಡ್ ಏಜೆನ್ಸಿ ತನ್ನ ಪಾಲು ಹಿಡಿದುಕೊಳ್ಳುವುದರಿಂದ ಕೈಗೆ ಅಷ್ಟೂ ಬರಲ್ಲ. ಅಂದರೆ ಹೋದದ್ದು ದೊಡ್ಡ ಮೊತ್ತವೇನಲ್ಲ. ಆದರೆ ಬಿಲ್ಲಿನಲ್ಲಿ 60 ಇದ್ದದ್ದು ಆಮೇಲೆ ಎಲ್ಲದಕ್ಕೂ ಕುತ್ತಿಗೆಗೆ ಬಂತು.

ಈಗ ಚರ್ಮದ ವಿಷಯ. ಆ ಬ್ಯಾಗನ್ನ ಅಕ್ಕ ಇಟ್ಟುಕೊಂಡಿದ್ದರೆ ಇಷ್ಟು ಅವಮಾನ ಆಗ್ತಿರಲಿಲ್ಲ. ಮಂಗಳೂರಿನ ಬೀಗರಿಗೆ ಉಡುಗೊರೆ ಕೊಟ್ಟಳು, "ಇಟಲಿಯ ಅಸಲಿ ಲೆದರ್" ಅಂತ ಹೇಳಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೆಗಲಪಟ್ಟಿ ಬಕಲ್ ಹತ್ತಿರ ಸುಲಿಯೋಕೆ ಶುರು. ನಾನು ಕೈಯಲ್ಲಿ ಹಿಡಿದು ನೋಡಿದೆ. ಮೇಲೆ ಹಾಳೆಯಷ್ಟು ತೆಳ್ಳಗಿನ ಕಂದು ಪದರ, ಉಗುರಿನಲ್ಲಿ ಎತ್ತಿದರೆ ಚಕ್ಕೆಚಕ್ಕೆಯಾಗಿ ಬರುತ್ತೆ. ಅದರ ಕೆಳಗೆ ರಟ್ಟಿನಂತೆ ಒತ್ತಿದ ಪುಡಿ. ಚರ್ಮದ ಕಾರ್ಖಾನೆಯಲ್ಲಿ ಉಳಿದ ಚೂರುಗಳನ್ನು ಅರೆದು, ಅಂಟು ಸೇರಿಸಿ ಹಾಳೆ ಮಾಡಿ, ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಬಳಿದು, ಚರ್ಮದ ಗೆರೆ ಒತ್ತಿದ ಮಾಲು. ಬಾಂಡೆಡ್ ಲೆದರ್ ಅಂತಾರೆ. ಇಟಲಿಯ 2020ರ ಕಾನೂನಿನಲ್ಲಿ "ಪೆಲ್ಲೆ", "ಕುವೋಯೋ" (ಎರಡೂ ಅಂದರೆ ಚರ್ಮ) ಅನ್ನುವ ಹೆಸರು ಪ್ರಾಣಿಯ ಚರ್ಮದ ಮೂಲ ನಾರು ಹಾಗೇ ಉಳಿದ ವಸ್ತುವಿಗೆ ಮಾತ್ರ. ಅರೆದು ಅಂಟಿಸಿದ್ದನ್ನು ಹಾಗೆ ಕರೆದು ಮಾರುವಂತಿಲ್ಲ. ಬ್ಯಾಗಿನ ಒಳಗೆ "ವೇರಾ ಪೆಲ್ಲೆ" ಅಂತ ಮುದ್ರೆ ಇತ್ತಲ್ಲ? ಇತ್ತು. ಲೈನಿಂಗಿಗೆ ಹೊಲಿದ ಬೆರಳಗಲದ ತುಂಡಿನ ಮೇಲೆ. ಆ ತುಂಡೊಂದೇ ಅಸಲಿ ಚರ್ಮ!

ಅಂಗಡಿಗೆ ಫೋಟೋ ಕಳಿಸಿದೆವು. ಅವರು ಕೊಟ್ಟ ಉತ್ತರಗಳನ್ನು ಓದಿ.

ಮೊದಲನೆಯದು: "ಡಿಯರ್ ಮೇಡಂ, ನಮ್ಮಲ್ಲಿ ಎಲ್ಲಾ ಅಸಲಿ ಚರ್ಮವೇ, ಒಳಗೆ ಮುದ್ರೆ ನೋಡಿ." ಮುದ್ರೆ ನೋಡಿಯೇ ಅಲ್ಲವೇ ಮೋಸ ಹೋದದ್ದು!

ಪಟ್ಟಿಯ ಸುಲಿದ ಭಾಗವನ್ನು ಹತ್ತಿರದಿಂದ ತೆಗೆದು ಕಳಿಸಿದ್ದಕ್ಕೆ: "ನಿಮ್ಮ ದೇಶದ ಹವೆಯಿಂದ ಹೀಗಾಗಿದೆ, ನಾವು ಜವಾಬ್ದಾರರಲ್ಲ." ಇದನ್ನ ಓದಿ ನನಗೆ ಮೈಯೆಲ್ಲ ಉರಿಯಿತು. ಕರಾವಳಿಯ ತೇವಕ್ಕೆ ಅಸಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತೆ, ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಗಾಳಿಗೆ ಇಟ್ಟರೆ ಸರಿಹೋಗುತ್ತೆ. ಅದು ಚಕ್ಕೆಯಾಗಿ ಸುಲಿಯಲ್ಲ. ತೇವದಲ್ಲಿ ಒಡೆದು ಉದುರುವುದು ಪಾಲಿಯುರೆಥೇನ್ ಲೇಪ. ಅಂದರೆ ಹವೆಯ ಮೇಲೆ ಹಾಕಿದ ಅವರ ಆ ಮಾತೇ ಮಾಲು ಏನು ಅನ್ನುವುದಕ್ಕೆ ಸಾಕ್ಷಿ. ಹೀಗಂತ ವಿವರವಾಗಿ ಬರೆದೆವು.

ಅದಕ್ಕೆ ಬಂದದ್ದು: "ಏಳು ದಿನದೊಳಗೆ ಅಂಗಡಿಗೆ ತಂದು ತೋರಿಸಬೇಕಿತ್ತು." ಏಳು ದಿನ ಯಾವ ಕಾನೂನು? ಇಟಲಿಯಲ್ಲಿ ಮಾಲಿನ ದೋಷಕ್ಕೆ ಮಾರಿದವನೇ ಎರಡು ವರ್ಷ ಹೊಣೆ, ಮೊದಲ ವರ್ಷದೊಳಗೆ ಕಂಡ ದೋಷ ಮೊದಲೇ ಇತ್ತು ಅಂತಲೇ ಎಣಿಸಬೇಕು. ಅದನ್ನೂ ಬರೆದೆವು.

ಕೊನೆಯ ಉತ್ತರ: "ಬಿಲ್ಲಿನಲ್ಲಿ 60 ಯೂರೋ ಇದೆ. 140 ಕೊಟ್ಟಿದ್ದಕ್ಕೆ ಏನು ದಾಖಲೆ? ಬಿಲ್ಲಿನಲ್ಲಿ ಬ್ಯಾಗ್ ಅಂತ ಇದೆ, ಚರ್ಮ ಅಂತ ಎಲ್ಲಿದೆ?" ಆಮೇಲೆ ನಂಬರ್ ಬ್ಲಾಕ್. ಮುಗೀತು. ತಾನೇ ಕಮ್ಮಿ ಹೊಡೆದ ಬಿಲ್ಲನ್ನು ತಾನೇ ನಮ್ಮ ಮುಖಕ್ಕೆ ಹಿಡಿದ. ಬ್ಯಾಗ್ ಹೋಗಲಿ, ಈ ಮಾತು ಮಾತ್ರ ಮರೆಯೋಕಾಗಲ್ಲ.

ಹಾಗಾಗಿ ಹೇಳೋದು, ಬ್ಯಾಗಿಗಿಂತ ಮೊದಲು ಬಿಲ್ ನೋಡಿ. "ಡೊಕುಮೆಂತೋ ಕೊಮೆರ್ಚಾಲೆ" (ವ್ಯಾಪಾರದ ದಾಖಲೆ) ಅಂತ ಇರಬೇಕು. "ನೋನ್ ಫಿಸ್ಕಾಲೆ" (ತೆರಿಗೆ ಲೆಕ್ಕಕ್ಕಲ್ಲ) ಅಂತ ಇದ್ದರೆ ಅದು ಬಿಲ್ಲೇ ಅಲ್ಲ, ಬರೀ ಕಾಗದ. ಪಿ. ಈವಾ ಅಂತ ಅಂಗಡಿಯ ಹನ್ನೊಂದು ಅಂಕಿಯ ವ್ಯಾಟ್ ನಂಬರ್, ತಾರೀಖು, ಕೊಟ್ಟಷ್ಟೇ ಮೊತ್ತ ಇರಬೇಕು. ಅವರಲ್ಲಿ ಅಂಕಿಯ ನಡುವೆ ಚುಕ್ಕಿ ಬದಲು ಅಲ್ಪವಿರಾಮ ಇರುತ್ತೆ, 60,00 ಅಂದರೆ ಅರವತ್ತು. ಬಿಲ್ಲಿನ ಹಿಂದೆ ವಸ್ತು ಯಾವುದರದ್ದು ಅಂತ ಬರೆಸಿ ಸೀಲ್ ಹಾಕಿಸಿ. ಬರೆಯಲ್ಲ ಅಂದರೆ ಅಲ್ಲೇ ಬಿಟ್ಟು ಬನ್ನಿ. ಕಾರ್ಡ್ ಉಜ್ಜಿದಾಗ ಮಷಿನ್ ರೂಪಾಯಿಯೋ ಯೂರೋವೋ ಅಂತ ಕೇಳಿದರೆ ಯೂರೋ ಒತ್ತಿ, ನೀವೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಹಾಕುವುದು ಆ ಮಷಿನ್ ಕಡೆಯವರು.

ಮಾಲು ನೋಡುವಾಗ ವಾಸನೆ ನಂಬಬೇಡಿ, ಚರ್ಮದ ವಾಸನೆ ಸ್ಪ್ರೇ ಮಾಡೋಕೆ ಬರುತ್ತೆ. ಲೈಟರ್ ಹಚ್ಚಿ ತೋರಿಸಿದರೆ ಅದನ್ನೂ ನಂಬಬೇಡಿ, ಅರೆಕ್ಷಣದ ಜ್ವಾಲೆಗೆ ರೆಕ್ಸಿನ್ನೂ ಹೊತ್ತಿಕೊಳ್ಳಲ್ಲ. ಅಂಚಿಗೆ ಬಣ್ಣ ಬಳಿದು ಮುಚ್ಚಿರುತ್ತಾರೆ, ಅದಕ್ಕೇ ಅಂಚು ಬಿಟ್ಟು ಪಟ್ಟಿಯ ಬಕಲ್ ತೂತಿನ ಒಳಗೋಡೆ ನೋಡಿ, ಫೋನಿನ ಟಾರ್ಚ್ ಹಾಕಿ ನೋಡಿ. ಅಸಲಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ನಾರು, ಮೇಲೆ ಒತ್ತಾಗಿ ಕೆಳಗೆ ಸಡಿಲವಾಗಿ. ಬಾಂಡೆಡ್ ಆದರೆ ಮೇಲೆ ಹೊಳೆಯುವ ಗೆರೆ, ಕೆಳಗೆ ರಟ್ಟು. ರೆಕ್ಸಿನ್ ಆದರೆ ಗೆರೆ, ಸ್ಪಂಜು, ಬಟ್ಟೆಯ ನೇಯ್ಗೆ. ಹೆಬ್ಬೆರಳು ಒತ್ತಿದರೆ ಸುತ್ತ ಸಣ್ಣ ಸುಕ್ಕು ಹರಡಬೇಕು, ಬರೀ ಗುಂಡಿ ಬಿದ್ದರೆ ಅನುಮಾನ ಪಡಿ. ಮೇಲಿನ ರಂಧ್ರಗಳ ವಿನ್ಯಾಸ ಅಳತೆ ಹಾಕಿದ ಹಾಗೆ ಮತ್ತೆ ಮತ್ತೆ ಬಂದರೆ ಅದು ಅಚ್ಚು. ಅಚ್ಚು ಒತ್ತಿದ ಅಸಲಿ ಚರ್ಮವೂ ಇದೆ, ಸಾಫಿಯಾನೋ ಅಂಥದ್ದೇ, ಆದ್ದರಿಂದ ತೂತನ್ನು ನೋಡದೆ ತೀರ್ಮಾನ ಮಾಡಬೇಡಿ.

ಶೂ ತಗೊಳ್ಳೋರಿಗೆ ಇಷ್ಟು ಕಷ್ಟ ಇಲ್ಲ, ಯೂರೋಪಿನಲ್ಲಿ ಮಾರುವ ಶೂಗೆ ಚಿತ್ರದ ಲೇಬಲ್ ಕಡ್ಡಾಯ. ಹರಡಿದ ಚರ್ಮದ ಆಕಾರ ಇದ್ದರೆ ಚರ್ಮ, ಅದರೊಳಗೆ ವಜ್ರಾಕೃತಿ ಇದ್ದರೆ ಲೇಪ ಹಾಕಿದ ಚರ್ಮ, ಬರೀ ವಜ್ರಾಕೃತಿ ಇದ್ದರೆ ಬೇರೆ ಏನೋ. ಮೇಲ್ಭಾಗ, ಒಳಭಾಗ, ಅಟ್ಟೆ ಮೂರಕ್ಕೂ ಬೇರೆ ಬೇರೆ ಚಿತ್ರ ಇರುತ್ತೆ. ಮೇಲ್ಭಾಗದ್ದೊಂದೇ ನೋಡಿ ಖುಷಿಪಡಬೇಡಿ. ಬ್ಯಾಗಿಗೆ ಈ ಲೇಬಲ್ ಕಡ್ಡಾಯ ಇಲ್ಲ, ಅದಕ್ಕೇ ಬ್ಯಾಗಿನಲ್ಲೇ ಇಷ್ಟು ಆಟ.

ಜನವರಿ, ಜುಲೈ ಸೇಲ್ ಹೊತ್ತಿನಲ್ಲಿ ಹಳೇ ದರ, ಶೇಕಡಾ, ಹೊಸ ದರ ಮೂರೂ ಚೀಟಿಯಲ್ಲಿರಬೇಕು. ಹಳೇ ದರ ಅಂದರೆ ಹಿಂದಿನ 30 ದಿನದಲ್ಲಿ ಇದ್ದ ಅತಿ ಕಡಿಮೆ ದರ. ಬಾಯಲ್ಲಿ ಹೇಳುವ "180 ಇತ್ತು, ನಿಮಗೆ 140" ಸೇಲ್ ಅಲ್ಲ. ಬೀದಿಯಲ್ಲಿ ಹಾಸಿಟ್ಟ ದೊಡ್ಡ ಬ್ರ್ಯಾಂಡಿನ ನಕಲಿ ಬ್ಯಾಗ್ ಅಂತೂ ಮುಟ್ಟಲೇಬೇಡಿ. ಕೊಂಡವರಿಗೇ 7,000 ಯೂರೋವರೆಗೆ ದಂಡ ಇದೆ.

ಕೈಕೆಲಸದ್ದೇ ಬೇಕು ಅಂದರೆ ಮೋಂತಿ, ತ್ರಾಸ್ತೇವೆರೆ ಕಡೆ ಹೋಗಿ. ಅಂಗಡಿಯ ಹಿಂದೆಯೇ ಮೇಜು, ಚರ್ಮದ ಸುರುಳಿ, ಕತ್ತರಿಸಿ ಉಳಿದ ಚೂರು ಕಾಣಬೇಕು. "ಇದೇ ಚರ್ಮದ ಒಂದು ಚೂರು ಕೊಡಿ" ಅಂತ ಕೇಳಿ, ನಿಜವಾಗಿ ಹೊಲಿಯುವವರು ಖುಷಿಯಿಂದ ಕೊಡ್ತಾರೆ. ಟಸ್ಕನಿಯ (ಚರ್ಮಕ್ಕೆ ಹೆಸರಾದ ಇಟಲಿಯ ಪ್ರಾಂತ್ಯ) ಸಸ್ಯರಸದಲ್ಲಿ ಹದ ಮಾಡಿದ ಚರ್ಮ ಅಂತ ಹೇಳಿದರೆ ಅಲ್ಲಿನ ಒಕ್ಕೂಟದ ನಂಬರ್ ಇರುವ ಕಾರ್ಡ್ ಜೊತೆಗಿದೆಯಾ ನೋಡಿ. ಇಂಥ ಬ್ಯಾಗು 60ಕ್ಕೆ ಬರಲ್ಲ. ಮಧ್ಯಮ ಗಾತ್ರದ ಒಂದಕ್ಕೇ ಐದಾರು ಚದರ ಅಡಿ ಚರ್ಮ, ಜಿಪ್, ಬಕಲ್, ಮೇಲೆ ಹೊಲಿಯುವವರ ಕೂಲಿ ಬೇಕು.

ರೀಫಂಡ್ ಬೇಕಿದ್ದವರು ಬ್ಯಾಗ್ ಬಳಸದೆ ಇಟ್ಟುಕೊಳ್ಳಿ, ಸೂಟ್‌ಕೇಸಿಗೆ ಹಾಕಿದ್ದರೆ ಚೆಕ್‌ಇನ್‌ಗೆ ಕೊಡುವ ಮೊದಲೇ ಕಸ್ಟಮ್ಸ್ ಮುಗಿಸಿ, ಕೊಂಡ ತಿಂಗಳು ಬಿಟ್ಟು ಮೂರು ತಿಂಗಳೊಳಗೆ ಯೂರೋಪಿಯನ್ ಯೂನಿಯನ್ ದಾಟಿ. ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸಿನಲ್ಲೋ ನೆಲೆಸಿರುವ ನಮ್ಮವರಿಗೆ ಇದು ಇಲ್ಲ, ಪಾಸ್‌ಪೋರ್ಟ್ ಭಾರತದ್ದಾದರೂ ಸರಿ.

ಈಗ ರೋಮ್‌ನಲ್ಲೇ ಇದ್ದು ಇದನ್ನ ಓದುತ್ತಿರುವವರು ಈಗಲೇ ಒಳಜೇಬಿನ ಚೀಟಿ ತೆಗೆದು ಮೊತ್ತ ನೋಡಿ, ಬಕಲ್ ತೂತಿಗೆ ಟಾರ್ಚ್ ಹಾಕಿ ನೋಡಿ. ತಪ್ಪಿದ್ದರೆ ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬಾಗಿಲಲ್ಲಿರಿ. ಸರಿಯಾದ ಮೊತ್ತದ ಬಿಲ್ಲು ಕೊಡಿ ಅಂತ ಕೇಳಿ, ಕೊಡದಿದ್ದರೆ 117ಕ್ಕೆ ಫೋನ್ ಮಾಡ್ತೀನಿ ಅನ್ನಿ, ಅದು ತೆರಿಗೆ ಪೊಲೀಸರ ನಂಬರ್. ವಿಮಾನ ಹತ್ತಿ ಬಂದಮೇಲೆ ಇಲ್ಲಿಂದ ಏನೂ ನಡೆಯಲ್ಲ.