ಕ್ವಿಲ್ಲರನ್ನೋ, ಮಿಸ್ ಮಾರ್ಪಲ್ಲೋ?

ರಕ್ತ ಚೆಲ್ಲದ, ರಾತ್ರಿ ನಿದ್ದೆ ಕೆಡಿಸದ ಪತ್ತೇದಾರಿ ಬೇಕು ಅನ್ನುವವರ ಮುಂದೆ ಎರಡು ಸರಣಿಗಳಿವೆ.

ಲಿಲಿಯನ್ ಜಾಕ್ಸನ್ ಬ್ರೌನ್ ಅವರ ಜಿಮ್ ಕ್ವಿಲ್ಲರನ್ ಪತ್ರಿಕೆಯವನು. ದೊಡ್ಡ ಮೀಸೆ, ಎರಡು ಸಯಾಮಿ ಬೆಕ್ಕುಗಳು. ಕೊಕೊ ಎಂಬ ಬೆಕ್ಕು ಕಪಾಟಿನಿಂದ ಪುಸ್ತಕ ಬೀಳಿಸಿದರೆ ಅದೇ ಸುಳಿವು! ಇದನ್ನು ಒಪ್ಪಿಕೊಳ್ಳುವುದಾದರೆ ಮಾತ್ರ ಮುಂದೆ ಓದಿ. ಮೊದಲ ಪುಸ್ತಕ 1966ರದು, ಆದರೆ ಅದರ ಕಥೆ ನಡೆಯುವುದು ಮಹಾನಗರದಲ್ಲಿ. ಅಮೆರಿಕದ ಸಣ್ಣ ಊರಿನ ಸೊಗಸು ಬೇಕಿದ್ದರೆ ಐದನೆಯದರಿಂದ, ಅಂದರೆ 1987ರ 'ದಿ ಕ್ಯಾಟ್ ಹೂ ಪ್ಲೇಯ್ಡ್ ಬ್ರಾಮ್ಸ್'ನಿಂದ ಶುರುಮಾಡಿ. ವರದಿಗಾರ ಆದ್ದರಿಂದ ಅವನು ಯಾರ ಮನೆಗಾದರೂ ಹೋಗಿ ಪ್ರಶ್ನೆ ಕೇಳಬಹುದು, ಯಾರಿಗೂ ಅನುಮಾನ ಬರಲ್ಲ. ಊರಿನ ಹರಟೆ, ಊಟ, ಹಿಮಗಾಳಿ ಎಲ್ಲಾ ಜಾಸ್ತಿ. ಒಗಟು ಮಾತ್ರ ತೆಳು, ಕೆಲವು ಕಡೆ ಸುಮ್ನೆ ಹೆಸರಿಗೆ.

ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ ಇಂಗ್ಲೆಂಡಿನ ಸೇಂಟ್ ಮೇರಿ ಮೀಡ್ ಹಳ್ಳಿಯ ಅಜ್ಜಿ. ಹೆಣಿಗೆ ಹಾಕುತ್ತಾ ಎಲ್ಲರ ಮಾತು ಕೇಳಿಸಿಕೊಳ್ಳುತ್ತಾರೆ. ಕಾದಂಬರಿ 12 ಮಾತ್ರ, ಮೊದಲನೆಯದು 1930ರದು. ಒಗಟು ಇಲ್ಲೇ ಗಟ್ಟಿ.

ಕೊಲೆಗಾರ ಯಾರೆಂದು ತಲೆ ಕೆರೆದುಕೊಳ್ಳುವ ಚಟವಿದ್ದರೆ ಮಾರ್ಪಲ್. ಮಳೆಗಾಲದ ಸಂಜೆಗೆ, ಅದರಲ್ಲೂ ಮನೆಯಲ್ಲಿ ಬೆಕ್ಕಿದ್ದರೆ, ನನ್ನ ಓಟು ಕ್ವಿಲ್ಲರನ್‌ಗೆ.