ಪೆಟ್ರೋಲ್ ಪ್ರೆಶರ್ ಗೇಜ್ ಕಿಟ್: ಪಂಪ್ ಬದಲಿಸುವ ಮುಂಚೆ ಒಮ್ಮೆ ಕಟ್ಟಿ ನೋಡಿ

ಹಳೇ ಆಲ್ಟೊ ಅಥವಾ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಮಾರುತಿ 800 ಏರಿನಲ್ಲಿ ಜರ್ಕ್ ಹೊಡೆದರೆ, ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೇ ಸ್ಟಾರ್ಟ್ ಆದರೆ, ಬಹಳ ಕಡೆ ಸಿಗುವ ಮೊದಲ ಉತ್ತರ ‘ಪಂಪ್ ಹೋಗಿದೆ’. ಟ್ಯಾಂಕ್ ಇಳಿಸಿ ಹೊಸ ಪಂಪ್ ಹಾಕಿದ ಮೇಲೂ ಗಾಡಿ ಹಾಗೇ ಇದ್ದರೆ ಆಶ್ಚರ್ಯವಿಲ್ಲ. ಕೆಟ್ಟಿದ್ದು ಫಿಲ್ಟರೋ ಪಂಪ್‌ಗೆ ಕರೆಂಟ್ ಕೊಡುವ ರಿಲೇಯೋ ಅರ್ತ್ ವೈರೋ ಆಗಿರಬಹುದು. ಆನ್‌ಲೈನಿನಲ್ಲಿ ಸಿಗುವ, ಬ್ರ್ಯಾಂಡ್ ಹೆಸರಿಲ್ಲದ ಪ್ರೆಶರ್ ಗೇಜ್ ಕಿಟ್ ಈ ದಂಡದ ಖರ್ಚು ತಪ್ಪಿಸುತ್ತದೆ. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಬಳಸುವಂಥದ್ದಲ್ಲ.

ಒಳಗಿರುವುದು 140 ಪಿಎಸ್‌ಐವರೆಗೆ ತೋರಿಸುವ ಗೇಜ್, ಪ್ರೆಶರ್ ಬಿಡುವ ಗುಂಡಿ, ಅದರಿಂದ ಹೊರಡುವ ಸಣ್ಣ ಪಾರದರ್ಶಕ ಕೊಳವೆ, ಟೀಗಳು (‘T’ ಆಕಾರದ, ಮೂರು ಬಾಯಿಯ ಜೋಡುಕೊಳವೆಗಳು), ಹೋಸ್, ಕ್ಲಿಪ್ಪುಗಳು, ರಾಶಿ ಹಿತ್ತಾಳೆ ಅಡಾಪ್ಟರುಗಳು. ಅಡಾಪ್ಟರುಗಳಲ್ಲಿ ಹೆಚ್ಚಿನವು ನಮ್ಮ ಗಾಡಿಗಳಿಗೆ ಕೂರುವುದೇ ಇಲ್ಲ. ಬೇಕಾಗುವುದು ಹೋಸ್‌ನ ಒಳ ಅಳತೆಗೆ ಹೊಂದುವ ಟೀ ಒಂದೇ. ಗೇಜಂತೂ ಕೆಲಸಕ್ಕೆ ಬರುತ್ತದೆ. ಪೆಟ್ರೋಲ್ ತಾಗಿಸುವ ಮುಂಚೆ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಕಟ್ಟಿ 40 ಪಿಎಸ್‌ಐನಲ್ಲಿ ಹೋಲಿಸಿ. ಒಂದೆರಡು ಪಿಎಸ್‌ಐ ಆಚೀಚೆ ಇದ್ದರೆ ಪರವಾಗಿಲ್ಲ.

ಹೋಸ್ ವಿಷಯದಲ್ಲಿ ರಾಜಿ ಬೇಡ. ಕಿಟ್‌ನ ಹೋಸ್ ಮೇಲೆ ಯಾವ ಗುರುತೂ ಇರುವುದಿಲ್ಲ. ಬಿಸಿ ಎಂಜಿನ್ ಪಕ್ಕದಲ್ಲಿ 3 ಬಾರ್ (ಸುಮಾರು 44 ಪಿಎಸ್‌ಐ) ಒತ್ತಡದ ಪೆಟ್ರೋಲ್ ಹರಿಯುವ ಜಾಗಕ್ಕೆ ಎಸ್‌ಎಇ ಜೆ30 ಆರ್9 ಎಂಬ ದರ್ಜೆಯ ಗುರುತು ಅಚ್ಚಾದ ಹೋಸ್ ಬೇಕು. ಆರ್7 ಕಾರ್ಬುರೇಟರ್ ಗಾಡಿಯ ಕಡಿಮೆ ಒತ್ತಡಕ್ಕೆ. ಈಗ ಬಂಕ್‌ಗಳಲ್ಲಿ ಸಿಗುತ್ತಿರುವ, ಶೇ 20ರವರೆಗೆ ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಕಳಪೆ ರಬ್ಬರ್ ಊದಿ ಮೆತ್ತಗಾಗುವ ಅಪಾಯವೂ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಯಲ್ಲಿ ಅರ್ಧ ಮೀಟರ್ ಆರ್9 ಹೋಸ್, ಒಳಮೈ ನುಣುಪಾಗಿರುವ ಇಂಜೆಕ್ಷನ್ ಕ್ಲ್ಯಾಂಪ್ ನಾಲ್ಕು ಕೊಳ್ಳಿ. ಕಿಟ್‌ನ ಹಲ್ಲುಪಟ್ಟಿ ಕ್ಲಿಪ್ ಬಿಗಿ ಮಾಡಿದಷ್ಟೂ ರಬ್ಬರ್ ಕೊಯ್ಯುತ್ತದೆ.

ಕಟ್ಟುವ ಮುಂಚೆ ಪಂಪ್ ರಿಲೇ ಅಥವಾ ಫ್ಯೂಸ್ ತೆಗೆದು ಎಂಜಿನ್ ಓಡಿಸಿ. ತಾನಾಗಿ ನಿಂತ ಮೇಲೆ ಮೂರು ಸೆಕೆಂಡ್ ಸೆಲ್ಫ್ ಹೊಡೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಎಂಜಿನ್ ತಣ್ಣಗಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಹೋಸ್ ಕೀಳುವಾಗ ಬಟ್ಟೆ ಸುತ್ತಿಕೊಳ್ಳಿ, ಉಳಿದ ಒತ್ತಡ ಕಣ್ಣಿಗೆ ಎರಚಬಹುದು. ಫಿಲ್ಟರ್ ದಾಟಿದ ಮೇಲೆ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ, ಅಂದರೆ ಇಂಜೆಕ್ಟರ್ ರೈಲ್‌ಗೆ, ಸೇರುವ ಮುಂಚೆ ಟೀ ಹಾಕಿ, ರಿಲೇ, ಬ್ಯಾಟರಿ ಮತ್ತೆ ಕೂರಿಸಿ.

ಕೀ ಆನ್ ಮಾಡಿದಾಗ ಪಂಪ್ ಎರಡು ಮೂರು ಸೆಕೆಂಡ್ ಗುಂಯ್‌ಗುಡುತ್ತದೆ. ಮುಳ್ಳು ಸುಮಾರು 2.7ರಿಂದ 3.1 ಬಾರ್, ಅಂದರೆ 39ರಿಂದ 45 ಪಿಎಸ್‌ಐಗೆ ಏರಬೇಕು. ನಿಮ್ಮ ಮಾಡೆಲ್‌ನ ಸರ್ವೀಸ್ ಪುಸ್ತಕದಲ್ಲಿ ಬೇರೆ ಸಂಖ್ಯೆ ಇದ್ದರೆ ಅದೇ ಸರಿ. ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ರೈಲ್ ಮೇಲಿದ್ದರೆ ಐಡ್ಲಿಂಗ್‌ನಲ್ಲಿ ಸುಮಾರು ಅರ್ಧ ಬಾರ್ ಇಳಿಯುತ್ತದೆ, ಅದರ ವ್ಯಾಕ್ಯೂಮ್ ಪೈಪ್ ಕಿತ್ತರೆ ಮತ್ತೆ ಏರುತ್ತದೆ. ಆ ಪೈಪ್‌ನೊಳಗೆ ಪೆಟ್ರೋಲ್ ಹಸಿ ಕಂಡರೆ ಮುಂದಿನ ಪರೀಕ್ಷೆ ಬೇಡ. ರೆಗ್ಯುಲೇಟರ್ ಒಳಗಿನ ಪೊರೆ (ಡಯಾಫ್ರಂ) ಹರಿದಿದೆ, ರೆಗ್ಯುಲೇಟರ್ ಬದಲಿಸಿ.

ಒತ್ತಡ ಕಡಿಮೆ ಇದ್ದರೆ, ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಹೋಸನ್ನು ಒಂದೇ ಕ್ಷಣ ಅದುಮಿ ಹಿಡಿಯಿರಿ. ಮುಳ್ಳು 4 ಬಾರ್ ದಾಟಿ ಜಿಗಿದರೆ ಪಂಪ್ ಗಟ್ಟಿಯಾಗಿದೆ, ತಪ್ಪು ರೆಗ್ಯುಲೇಟರ್‌ನದು. ಏಳದಿದ್ದರೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪಂಪ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 12.4 ವೋಲ್ಟ್, ಪಂಪ್ ಕನೆಕ್ಟರ್‌ನಲ್ಲಿ 10.5 ಬಂದರೆ ದೋಷ ವೈರ್, ರಿಲೇ ಅಥವಾ ಅರ್ತ್‌ನಲ್ಲಿದೆ. ವೋಲ್ಟ್ ಸರಿಯಿದ್ದರೆ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ, ಕೊನೆಗೆ ಪಂಪ್. ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುವ ಗಾಡಿಯಲ್ಲಿ ಎಂಜಿನ್ ಬಳಿ ಅದುಮಲು ರಿಟರ್ನ್ ಹೋಸ್ ಇರುವುದಿಲ್ಲ.

ಬಿಸಿ ಎಂಜಿನ್ ಮಾತ್ರ ಸ್ಟಾರ್ಟ್ ಆಗಲು ಸತಾಯಿಸಿದರೆ, ಆಫ್ ಮಾಡಿ ಒಂದು ನಿಮಿಷ ಗೇಜ್ ನೋಡಿ. 2 ಬಾರ್‌ಗಿಂತ ಕೆಳಗೆ ಬಿದ್ದರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪ್‌ನ ಚೆಕ್ ವಾಲ್ವ್, ರೆಗ್ಯುಲೇಟರ್ ಅಥವಾ ಸೋರುವ ಇಂಜೆಕ್ಟರ್ ಕಾರಣ.

ಗೇಜ್ ಹೇಳದ ಸಂಗತಿ ಒಂದಿದೆ. ಅರ್ಧ ಕಟ್ಟಿಕೊಂಡ ಜಾಲರಿ ಐಡ್ಲಿಂಗ್‌ನಲ್ಲಿ ಒತ್ತಡವನ್ನು ಸರಿಯಾಗಿಯೇ ತೋರಿಸುತ್ತದೆ, ಏರಿನಲ್ಲಿ ಕೈ ಕೊಡುತ್ತದೆ. ಬಹಳ ಕಾಲ ನಿಂತ ಗಾಡಿಯ ಟ್ಯಾಂಕ್‌ನಲ್ಲಿ ತುಕ್ಕು, ನೀರು ಸೇರಿದ್ದರೆ ಇದನ್ನೇ ಮೊದಲು ಅನುಮಾನಿಸಿ. ರಿಟರ್ನ್ ಹೋಸ್‌ನ ತುದಿಯನ್ನು ಗಟ್ಟಿ ಕ್ಯಾನ್‌ಗೆ ಬಿಟ್ಟು ಪಂಪನ್ನು 30 ಸೆಕೆಂಡ್ ಓಡಿಸಿ. ಅರ್ಧ ಲೀಟರ್ ಆಸುಪಾಸು ಬರಬೇಕು. ಕಾಲು ಲೀಟರೂ ಬರದಿದ್ದರೆ ಫಿಲ್ಟರ್, ಜಾಲರಿ ನೋಡಿ.

ಕಾರ್ಬುರೇಟರ್ ಇರುವ ಮಾರುತಿ 800ಕ್ಕೆ ಈ ಕಿಟ್ ಕೊಳ್ಳಬೇಡಿ. ಅದರ ಮೆಕ್ಯಾನಿಕಲ್ ಪಂಪ್ ಕೊಡುವ ಒತ್ತಡ ಅರ್ಧ ಬಾರನ್ನೂ ಮುಟ್ಟುವುದಿಲ್ಲ, ಮುಳ್ಳು ಅಲುಗಿದ್ದೇ ಕಾಣುವುದಿಲ್ಲ. ಇಗ್ನಿಷನ್ ಕಾಯಿಲ್ ವೈರ್ ಬಿಚ್ಚಿ, ಪಂಪ್‌ನಿಂದ ಹೊರಡುವ ಪೈಪನ್ನು ಬಾಟಲಿಗೆ ಹಿಡಿದು ಸೆಲ್ಫ್ ಹೊಡೆದರೆ ಪೆಟ್ರೋಲ್ ಗಟ್ಟಿಯಾಗಿ ಚಿಮ್ಮಿ ಚಿಮ್ಮಿ ಬೀಳಬೇಕು. ಡಿಪ್‌ಸ್ಟಿಕ್‌ಗೆ ಪೆಟ್ರೋಲ್ ವಾಸನೆ ಬಂದಿದ್ದರೆ ಪಂಪ್‌ನ ಡಯಾಫ್ರಂ ಹರಿದು ಆಯಿಲ್‌ಗೆ ಬೆರೆಯುತ್ತಿದೆ ಎಂದೇ ಅನುಮಾನಿಸಿ. ಪಂಪ್ ಜೊತೆಗೆ ಆಯಿಲ್ಲೂ ಬದಲಿಸಬೇಕು.

ಎಂಪಿಎಫ್‌ಐ ಗಾಡಿಯಲ್ಲಿ ಕೆಲಸ ಮುಗಿದ ಮೇಲೆ ಗುಂಡಿ ಒತ್ತಿ ಒತ್ತಡವನ್ನು ಡಬ್ಬಿಗೆ ಬಿಟ್ಟೇ ಟೀ ಕೀಳಿ. ಹೋಸ್ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮೂರು ಸಲ ಆನ್-ಆಫ್ ಮಾಡಿ, ಪ್ರತಿ ಕ್ಲ್ಯಾಂಪ್ ಕೆಳಗೂ ಒಣ ಬಿಳಿ ಟಿಶ್ಯೂ ಒತ್ತಿ ನೋಡಿ. ಒಂದು ಚುಕ್ಕೆ ಒದ್ದೆಯಾದರೂ ಮತ್ತೆ ಬಿಚ್ಚಿ ಕಟ್ಟಿ.