ನರ್ಸಿಂಗ್ ಟೀಚರ್‌ಗಳ ವರ್ಕ್‌ಶಾಪ್: ಮೊದಲ ದಿನ ಬರೀ ಆಟ, ಅಸಲು ಸಿಕ್ಕಿದ್ದು ಎರಡನೇ ದಿನ

ಎರಡು ದಿನಕ್ಕೆ 2,500 ರೂಪಾಯಿ ಫೀಸು, ಊಟ ಅದರಲ್ಲೇ ಸೇರಿತ್ತು. ದಾವಣಗೆರೆಯಿಂದ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಬಂದೆ. ನಾನು ಬಿಎಸ್ಸಿ ನರ್ಸಿಂಗ್ ಮಕ್ಕಳಿಗೆ ಮೆಡಿಕಲ್ ಸರ್ಜಿಕಲ್ ಪಾಠ ಮಾಡುತ್ತೇನೆ. ನಡೆಸಿದವರ ಹೆಸರು ಇಲ್ಲಿ ಬೇಡ, ಹೊಗಳುವುದೂ ಇದೆ, ಬೈಯುವುದೂ ಇದೆ.

ಮೊದಲ ದಿನದ ವಿಷಯ, ಕ್ಲಾಸಿನಲ್ಲಿ ಮಕ್ಕಳ ಗಮನ ಹಿಡಿದಿಡುವುದು ಹೇಗೆ ಅಂತ. ಬಲೂನ್ ಊದಿಸಿದರು, ಚಪ್ಪಾಳೆ ಹೊಡೆಸಿದರು, ಫೋನಿನಲ್ಲಿ ಕ್ವಿಜ್ ಆಡಿಸಿದರು. ಮಜಾ ಇತ್ತು, ಇಲ್ಲ ಅನ್ನಲ್ಲ. ಆದರೆ ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟ್ ಅಂತ ಇಟ್ಟರೆ, ಕನ್ನಡ ಮೀಡಿಯಂನಿಂದ ಬಂದು ಇಂಗ್ಲಿಷ್ ಪ್ರಶ್ನೆಯನ್ನು ಎರಡು ಸಲ ಓದಿಕೊಳ್ಳುವ ಹುಡುಗಿ ಉತ್ತರ ಗೊತ್ತಿದ್ದೂ ಸೋಲುತ್ತಾಳೆ, ಅಲ್ವಾ? ಇದನ್ನು ಕೇಳಿದೆ. ನಕ್ಕು ಮುಂದಕ್ಕೆ ಹೋದರು.

ಅವತ್ತು ಉಪಯೋಗಕ್ಕೆ ಬಂದದ್ದು ಒಂದೇ. ಕೇಸನ್ನು ಒಟ್ಟಿಗೆ ಹೇಳದೆ ಸ್ವಲ್ಪ ಸ್ವಲ್ಪವೇ ಬಿಚ್ಚುವುದು. ಆಪರೇಷನ್ ಆಗಿ ಎರಡು ಗಂಟೆ, ಪಲ್ಸ್ 110. ಇಷ್ಟೇ ಹೇಳಿ ನಿಲ್ಲಿಸಬೇಕು, ಮೊದಲು ಏನು ನೋಡ್ತೀರಿ ಅಂತ ಎರಡು ನಿಮಿಷ ಚೀಟಿಯಲ್ಲಿ ಬರೆಸಬೇಕು, ಆಮೇಲೆ ಪಕ್ಕದವರ ಜೊತೆ ಮಾತಾಡಿಸಬೇಕು. ಆಮೇಲೆ ಬಿಪಿ 90/60, ಗಂಟೆಗೆ ಯೂರಿನ್ 20 ಎಂಎಲ್, ಅಂದರೆ ಎರಡೂ ಕಮ್ಮಿ, ಅಂತ ಹೇಳಬೇಕು. ವಾಪಸ್ ಬಂದು ನಮ್ಮ ಕ್ಲಾಸಿನಲ್ಲಿ ಮಾಡಿದೆ. ಒಳಗೆ ಬ್ಲೀಡಿಂಗ್ ಆಗ್ತಿರಬಹುದು ಮ್ಯಾಮ್ ಅಂತ ಮೊದಲು ಹೇಳಿದವನು ವರ್ಷವಿಡೀ ಬಾಯಿ ಬಿಡದ ಕೊನೇ ಬೆಂಚಿನ ಹುಡುಗ.

ಎರಡನೇ ದಿನ ಓಎಸ್‌ಸಿಇ, ಅಂದರೆ ಮಕ್ಕಳು ಸ್ಟೇಷನ್‌ನಿಂದ ಸ್ಟೇಷನ್‌ಗೆ ಹೋಗಿ, ಒಂದೊಂದರಲ್ಲೂ ಗೊತ್ತು ಮಾಡಿದ ಟೈಮಿನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪ್ರಾಕ್ಟಿಕಲ್ ಪರೀಕ್ಷೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗೆ ಅಂತ ಮಾಡಿದ ಪದ್ಧತಿ ಇದು. ಯಾವ ಪೇಶೆಂಟ್ ಸಿಕ್ಕರು, ಯಾವ ಎಕ್ಸಾಮಿನರ್ ಬಂದರು ಅನ್ನುವ ಅದೃಷ್ಟದ ಮೇಲೆ ಮಾರ್ಕ್ಸ್ ನಿಲ್ಲಬಾರದು ಅನ್ನುವುದೇ ಅದರ ಹಿಂದಿನ ಯೋಚನೆ. 2021-22ರಿಂದ ಬಂದ ಐಎನ್‌ಸಿ (ಇಂಡಿಯನ್ ನರ್ಸಿಂಗ್ ಕೌನ್ಸಿಲ್) ಸೆಮಿಸ್ಟರ್ ಸಿಲಬಸ್‌ನಲ್ಲಿ ಪ್ರಾಕ್ಟಿಕಲ್ ಇಂಟರ್ನಲ್‌ಗೆ ಇದೂ ಸೇರಿದೆ. ನಾವು ಮಾಡುತ್ತಿದ್ದುದು ಮಾತ್ರ ಬಾಯಲ್ಲಿ ಪ್ರಶ್ನೆ ಕೇಳುವ ಹಳೇ ವೈವಾನೇ, ಮೇಲೆ ಹೊಸ ಹೆಸರು.

ಒಂದು ವಿಡಿಯೋ ಹಾಕಿದರು. ಹುಡುಗಿ ಐಎಂ, ಅಂದರೆ ಮಾಂಸಖಂಡಕ್ಕೆ ಹಾಕುವ, ಇಂಜೆಕ್ಷನ್ ಕೊಡುತ್ತಾಳೆ. 22 ಜನ ಟೀಚರ್‌ಗಳು ಹತ್ತಕ್ಕೆ ಮಾರ್ಕ್ಸ್ ಹಾಕಿದೆವು. ಒಬ್ಬರದು 4, ಇನ್ನೊಬ್ಬರದು 9! ನಾನು 8 ಕೊಟ್ಟಿದ್ದೆ, ಯಾಕಂದರೆ ಅವಳು ಪೇಶೆಂಟ್ ಹತ್ತಿರ ನಗುನಗುತ್ತಾ ಮಾತಾಡಿದಳು, ಕೈ ನಡುಗಲಿಲ್ಲ. ಬಳಸಿದ ಸೂಜಿಗೆ ಕ್ಯಾಪ್ ವಾಪಸ್ ಹಾಕಬಾರದು, ಕೊನೆಗೆ ಅವಳು ಹಾಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹದಿನಾಲ್ಕು ವರ್ಷದ ಸರ್ವೀಸ್ ನನ್ನದು. ಮುಖ ಸಣ್ಣದಾಯಿತು.

ಆಮೇಲೆ ಚೆಕ್‌ಲಿಸ್ಟ್ ಕೊಟ್ಟು ಅದೇ ವಿಡಿಯೋ ತೋರಿಸಿದರು. ಈ ಸಲ ಎಲ್ಲರದೂ 7, 8ರ ಹತ್ತಿರ ಬಂತು. ಸರಿಯಾಯ್ತಲ್ಲ ಅಂದುಕೊಂಡರೆ ವರ್ಕ್‌ಶಾಪ್ ನಡೆಸುತ್ತಿದ್ದ ಮೇಡಂ ಕೇಳಿದರು, ಕ್ಯಾಪ್ ಹಾಕಿದ್ದಕ್ಕೆ ಹೋಗಿದ್ದು ಒಂದೇ ಮಾರ್ಕ್, ನಾಳೆ ಅವಳಿಗೆ ಸೂಜಿ ಚುಚ್ಚಿಕೊಂಡರೆ? ಪೇಶೆಂಟ್ ಹೆಸರು ಕೇಳದಿರುವುದು, ಕ್ಯಾಪ್ ವಾಪಸ್ ಹಾಕುವುದು, ಇಂಥ ತಪ್ಪುಗಳನ್ನು ಬೇರೆ ಗುರುತು ಮಾಡಿ, ಅವನ್ನು ಮಾಡಿದರೆ ಆ ಸ್ಟೇಷನ್ ಫೇಲ್ ಅಂತ ಮೊದಲೇ ಮಕ್ಕಳಿಗೆ ಹೇಳಿಡಬೇಕು. ಕೊಟ್ಟ ದುಡ್ಡು ಈ ಒಂದು ಗಂಟೆಗೇ ವಸೂಲಾಯಿತು.

ಜಗಳ ಆಗಿದ್ದು ಕಮ್ಯುನಿಕೇಶನ್ ಸ್ಟೇಷನ್‌ನಲ್ಲಿ. ಪೇಶೆಂಟ್ ಪಾತ್ರ ಮಾಡಿದವರು ಪಕ್ಕಾ ಧಾರವಾಡ ಕನ್ನಡದಲ್ಲಿ ಹೊಟ್ಟಿ ಭಾಳ ಕಡೀಲಿಕತ್ತದ್ರೀ ಅಂದರು. ಕೇರಳದಿಂದ ಬಂದ ಹುಡುಗಿಗೆ ಇದರಲ್ಲಿ ಮಾರ್ಕ್ಸ್ ಕಡಿಯುವುದು ನ್ಯಾಯವಾ? ವಾರ್ಡಿನಲ್ಲಿ ಪೇಶೆಂಟ್ ಹೀಗೇ ಮಾತಾಡೋದು ಅಂತ ಅರ್ಧ ಜನ. ನನ್ನ ಪ್ರಕಾರ, ಮೊದಲ ಸೆಮಿಸ್ಟರ್‌ನಲ್ಲೇ ನೋವು, ಊಟ, ನಿದ್ದೆ, ಮೋಷನ್ ಬಗ್ಗೆ ಕೇಳುವ ಇಪ್ಪತ್ತು ಮೂವತ್ತು ಕನ್ನಡ ಮಾತು ಕಲಿಸಿ, ಆಮೇಲೆ ಅಷ್ಟಕ್ಕೇ ಪರೀಕ್ಷೆ ಮಾಡಿ. ಕಲಿಸದೇ ಇದ್ದದ್ದಕ್ಕೆ ಮಾರ್ಕ್ಸ್ ಕಳೆಯುವ ಹಕ್ಕು ನಮಗೆಲ್ಲಿದೆ?

ಬೇಜಾರಾದದ್ದು ಲೆಕ್ಕದಲ್ಲಿ. ಡೆಮೋದಲ್ಲಿ ಇದ್ದವರು ಹತ್ತೇ ಮಕ್ಕಳು, ನಮ್ಮಲ್ಲಿ 60. ಸ್ಟೇಷನ್‌ಗೆ ಐದು ನಿಮಿಷ, ಜಾಗ ಬದಲಿಸಲು ಒಂದು ನಿಮಿಷ ಅಂದರೂ ಐದು ಸ್ಟೇಷನ್‌ಗೆ ಐದೈದು ಜನರ ಹನ್ನೆರಡು ಬ್ಯಾಚ್, ಒಟ್ಟು ಆರು ಗಂಟೆ. ಸ್ಟೇಷನ್ ಹತ್ತು ಮಾಡಿದರೂ ಅದೇ ಆರು ಗಂಟೆ, ಟೀಚರ್‌ಗಳು ಮಾತ್ರ ಡಬಲ್ ಬೇಕು. ಟೈಮ್ ಉಳಿಯಬೇಕಾದರೆ ಅದೇ ಸ್ಟೇಷನ್‌ಗಳ ಎರಡು ಸೆಟ್ ಅಕ್ಕಪಕ್ಕ ನಡೆಸಬೇಕು. ಮುಗಿಸಿ ಹೊರಗೆ ಬಂದವರು ಒಳಗೆ ಹೋಗುವವರಿಗೆ ವಾಟ್ಸಾಪ್ ಮಾಡದ ಹಾಗೆ ಕೂರಿಸೋದು ಎಲ್ಲಿ? ಇದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಈಗ ನಾವು ಫೋನ್ ಇಸ್ಕೊಂಡು, ಮುಗಿಸಿದವರನ್ನು ಲೈಬ್ರರಿಯಲ್ಲಿ ಕೂರಿಸುತ್ತೇವೆ.

ಊಟ ಚೆನ್ನಾಗಿತ್ತು. ಎಸಿ ಜಾಸ್ತಿಯಾಗಿ ಎಲ್ಲರೂ ಸೆರಗು ಹೊದ್ದು ಕೂತಿದ್ದೆವು. ಐದಕ್ಕೆ ಮೂರೂವರೆ ಸ್ಟಾರ್. ಹೋಗುವುದಾದರೆ ಒಂದೇ ಕಾಲೇಜಿನಿಂದ ಇಬ್ಬರು ಹೋಗಿ, ಒಬ್ಬರೇ ಬಂದು ಹೇಳಿದರೆ ಸ್ಟಾಫ್ ರೂಮಿನಲ್ಲಿ ಯಾರೂ ಕೇಳಲ್ಲ. ಚೆಕ್‌ಲಿಸ್ಟ್‌ಗಳನ್ನು ಪಿಡಿಎಫ್‌ನಲ್ಲಿ ಕೊಡುತ್ತಾರೆ, ತಿದ್ದಲು ಬರಲ್ಲ. ಅಲ್ಲೇ ಪಟ್ಟು ಹಿಡಿದು ವರ್ಡ್ ಫೈಲ್ ತಗೊಳ್ಳಿ.